ಸರಕುಪಟ್ಟಿ

ಸರಕುಪಟ್ಟಿ: ಮಾರಿದ ಸರಕಿನ ಅಥವಾ ಸಲ್ಲಿಸಿದ ಸೇವೆಯ ವಿವರ, ಪರಿಮಾಣ, ದರ, ತೆರಿಗೆ ಹಾಗೂ ಸಲ್ಲತಕ್ಕ ಮೊತ್ತಗಳನ್ನು ನಿರೂಪಿಸಿ ಮಾರಾಟಗಾರನು ಗ್ರಾಹಕನಿಗೆ ಕೊಡುವ ವಾಣಿಜ್ಯಪತ್ರ, ರೂಢಿಯಲ್ಲಿ ಇನ್‌ವಾಯ್ಸ್ ಅಥವಾ ಬಿಲ್ಲು. ಹಣ ಸಂದಾಯವಾದುದನ್ನು ಸಾರುವ ರಸೀದಿಯಿಂದ ಇದು ಭಿನ್ನ.

2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಂತೆ ತೆರಿಗೆಯ ಸರಕುಪಟ್ಟಿಯಲ್ಲಿ 16 ಅಕ್ಷರಗಳನ್ನು ಮೀರದ ಕ್ರಮಸಂಖ್ಯೆಯೂ, ದಿನಾಂಕವೂ, ಕರ್ನಾಟಕದ ವರ್ತಕನಾದರೆ 29ರಿಂದ ಮೊದಲಾಗುವ 15 ಅಂಕಾಕ್ಷರಗಳ ನೋಂದಣಿ ಸಂಖ್ಯೆಯೂ ಇರತಕ್ಕದ್ದು. ಸರಕಿನ ಮಾರಾಟದಲ್ಲಿ ಕೊಳ್ಳುವವನು, ಸಾಗಣೆದಾರ, ಮಾರುವವನು ಎಂದು ಮೂವರಿಗೆ ಮೂರು ಪ್ರತಿಗಳು.

ಪತ್ರದ ಪ್ರಭೇದಗಳು ಬೆಂಗಳೂರಿನ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ವಿಶದವಾಗಿ ಕಾಣುತ್ತವೆ: ತಾಜಾ ಈರುಳ್ಳಿ, ಆಲೂಗೆಡ್ಡೆಗಳು ತೆರಿಗೆಮುಕ್ತವಾದುದರಿಂದ ಅವುಗಳ ನೋಂದಾಯಿತ ವರ್ತಕನು ತೆರಿಗೆಯ ಉಲ್ಲೇಖವಿಲ್ಲದ ‘ಬಿಲ್ ಆಫ್ ಸಪ್ಲೈ’ಯನ್ನು ಕೊಡುತ್ತಾನೆ, ಖಾದ್ಯತೈಲದ ವರ್ತಕನಾದರೋ ತೆರಿಗೆಯ ಸರಕುಪಟ್ಟಿಯನ್ನೇ ಬರೆಯಬೇಕು. ಬೆಳೆ ತಂದ ರೈತನಿಗೆ ತೂಕ, ದರ, ನಿವ್ವಳ ಹಣಗಳ ಅಧಿಕೃತ ಲೆಕ್ಕಪತ್ರವು ದೊರೆಯುವುದು ಇವೆಲ್ಲಕ್ಕಿಂತ ಮಹತ್ತರವಾದುದು. ಅಧಿಕೃತವಲ್ಲದ ‘ಬಿಳಿ ಚೀಟಿ’ಯು ಅವನನ್ನು ನಿರಾಧಾರನನ್ನಾಗಿಸುತ್ತದೆ.

ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ತನ್ನ ಬಾಕಿಯಲ್ಲಿ ವಜಾ ಮಾಡಿಕೊಳ್ಳಲು ನೋಂದಾಯಿತ ವರ್ತಕನಿಗೆ ಈ ಪತ್ರವೇ ಮುಖ್ಯ ಆಧಾರ. ಲೆಕ್ಕಪರಿಶೋಧನೆ, ಬ್ಯಾಂಕ್ ಸಾಲ, ಬಾಕಿ ವಸೂಲಿಯ ವ್ಯಾಜ್ಯಗಳಲ್ಲಿ ಪ್ರಮಾಣ. ನೋಂದಾಯಿತ ಕಿರು ಹಾಗೂ ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ, ಸರಕನ್ನು ಅಂಗೀಕರಿಸಿದ 45 ದಿನಗಳೊಳಗೆ ಹಣ ಸಲ್ಲಬೇಕೆಂಬುದು ಇಂಥ ಉದ್ಯಮಗಳ ಅಭಿವೃದ್ಧಿಗಾಗಿ ಮಾಡಿದ 2006ರ ಕಾಯಿದೆಯ ವಿಧಿ.