ಸುಟ್ಟ ಸುರುಳಿ, ಸವೆದ ಶಾಸನ: ಪ್ರಾಚೀನ ಬರಹಗಳ ಓದಿಗೆ ಗಣಕಯಂತ್ರದ ನೆರವು

ಬೆಂಕಿಗೆ ಸಿಕ್ಕಿ ಕರಿಕಾದ ಹಸ್ತಪ್ರತಿ, ಮಳೆಗಾಳಿಗೆ ಸವೆದ ಕಲ್ಬರಹ, ಅರ್ಧ ಒಡೆದುಹೋದ ಶಿಲಾಫಲಕ - ಇವುಗಳನ್ನು ಓದುವ ಕಾರ್ಯ ಬಹುಕಾಲ ವಿದ್ವಾಂಸರ ಕಣ್ಣು ಮತ್ತು ನೆನಪಿನ ಶಕ್ತಿಯನ್ನೇ ಅವಲಂಬಿಸಿತ್ತು. ಕಳೆದ ಒಂದು ದಶಕದಲ್ಲಿ ಈ ಕಾರ್ಯಕ್ಕೆ ಗಣಕಯಂತ್ರ ಹಾಗೂ ಕೃತಕ ಬುದ್ಧಿಮತ್ತೆ ನೆರವಾಗತೊಡಗಿವೆ. ಓದಲು ಸಾಧ್ಯವೇ ಇಲ್ಲವೆಂದು ಕೈಬಿಟ್ಟಿದ್ದ ಬರಹಗಳು ಈಗ ಬೆಳಕು ಕಾಣುತ್ತಿವೆ. ಅದರೊಡನೆಯೇ, ಯಂತ್ರ ಓದಿದ್ದೆಷ್ಟು, ಊಹಿಸಿದ್ದೆಷ್ಟು ಎಂಬ ಪ್ರಶ್ನೆಯೂ ಎದ್ದಿದೆ. ಶಾಸನ ಸಂಪತ್ತಿನಲ್ಲಿ ಭಾರತದ ಮುಂಚೂಣಿ ಪ್ರದೇಶಗಳಲ್ಲಿ ಒಂದಾದ ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ.

ಹಿನ್ನೆಲೆ

ಮಾನವಿಕ ಶಾಸ್ತ್ರಗಳ ಅಧ್ಯಯನದಲ್ಲಿ ಗಣಕಯಂತ್ರದ ಬಳಕೆ ಹೊಸದೇನಲ್ಲ. ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬುಸಾ ಅವರು 1949ರಲ್ಲಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ಜೆ. ವಾಟ್ಸನ್ ಅವರನ್ನು ಭೇಟಿಯಾಗಿ, ಸಂತ ಥಾಮಸ್ ಅಕ್ವಿನಾಸನ ಲ್ಯಾಟಿನ್ ಕೃತಿಗಳಿಗೆ ಪದಾನುಕ್ರಮಣಿಕೆ ಸಿದ್ಧಪಡಿಸಲು ಯಂತ್ರಗಳ ನೆರವು ಕೋರಿದರು. ಒಂದು ಕೋಟಿಗೂ ಹೆಚ್ಚು ಪದಗಳನ್ನು ರಂಧ್ರಪತ್ರಗಳಿಗೆ ಏರಿಸಿ ವಿಂಗಡಿಸುವ ಈ ಕೆಲಸ ಮೂರು ದಶಕಗಳ ಕಾಲ ನಡೆದು, 56 ಸಂಪುಟಗಳಾಗಿ ಹೊರಬಂದಿತು. ರಂಧ್ರಪತ್ರಗಳನ್ನು ಸಿದ್ಧಪಡಿಸಿದವರಲ್ಲಿ ಬಹುಪಾಲು ಯುವತಿಯರು.

ಆ ಹಂತದಲ್ಲಿ ಯಂತ್ರದ ಪಾತ್ರ ಎಣಿಕೆ ಮತ್ತು ವಿಂಗಡಣೆಗೆ ಸೀಮಿತವಾಗಿತ್ತು. ಓದುವುದು, ಅರ್ಥೈಸುವುದು ಮನುಷ್ಯನ ಕೆಲಸವೇ ಆಗಿತ್ತು. ಈಗ ಬದಲಾಗಿರುವುದು ಈ ಗಡಿರೇಖೆ.

ಹರ್ಕ್ಯುಲೇನಿಯಂನ ಸುರುಳಿಗಳು

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಪೊಂಪೇಯಿಯ ಜೊತೆಗೆ ಹರ್ಕ್ಯುಲೇನಿಯಂ ಎಂಬ ಪಟ್ಟಣವೂ ಹೂತುಹೋಯಿತು. ಅಲ್ಲಿನ ಭವ್ಯ ಭವನವೊಂದರಲ್ಲಿ 1752ರಲ್ಲಿ ಪಪೈರಸ್ ಸುರುಳಿಗಳ ಗ್ರಂಥಭಂಡಾರ ಪತ್ತೆಯಾಯಿತು. ಅಗೆಯುತ್ತಿದ್ದ ಕೂಲಿಗಳು ಮೊದಲಿಗೆ ಅವನ್ನು ಇದ್ದಿಲಿನ ತುಂಡುಗಳೆಂದೇ ಭಾವಿಸಿದ್ದರಂತೆ. ತುಂಡುಗಳೂ ಸೇರಿ ಸುಮಾರು 1,800 ಪಪೈರಸ್‌ಗಳು ಇಲ್ಲಿಂದ ದೊರೆತಿವೆ. ಪ್ರಾಚೀನ ಗ್ರೀಕ್-ರೋಮನ್ ಜಗತ್ತಿನಿಂದ ಇಡಿಯಾಗಿ ಉಳಿದುಬಂದಿರುವ ಗ್ರಂಥಾಲಯ ಇದೊಂದೇ.

ಆದರೆ ಉಳಿದುಬಂದದ್ದನ್ನು ಓದುವುದೇ ಸಮಸ್ಯೆಯಾಯಿತು. ಜ್ವಾಲಾಮುಖಿಯ ಬಿಸಿಗೆ ಇದ್ದಿಲಾದ ಸುರುಳಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ವ್ಯಾಟಿಕನ್‌ನಿಂದ ಬಂದ ಪಾದ್ರಿ ಆಂತೋನಿಯೊ ಪಿಯಾಜಿಯೊ 18ನೇ ಶತಮಾನದಲ್ಲಿ ರೇಷ್ಮೆ ದಾರಗಳಿಂದ ಸುರುಳಿಯನ್ನು ತೂಗುಹಾಕಿ ನಿಧಾನವಾಗಿ ಬಿಚ್ಚುವ ಯಂತ್ರವೊಂದನ್ನು ರೂಪಿಸಿದರು. ಅದರಿಂದ ಹಲವು ಗ್ರಂಥಗಳು ಓದಿಗೆ ಸಿಕ್ಕವಾದರೂ, ಬಿಚ್ಚುವ ಪ್ರಯತ್ನದಲ್ಲೇ ನಾಶವಾದವುಗಳ ಸಂಖ್ಯೆ ಕಡಿಮೆಯದಲ್ಲ. ಕೊನೆಗೆ ನೂರಾರು ಸುರುಳಿಗಳನ್ನು ಮುಟ್ಟದೆ ಹಾಗೆಯೇ ಉಳಿಸಲಾಯಿತು.

ಬಿಚ್ಚದೆ ಓದುವ ವಿಧಾನ

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಬ್ರೆಂಟ್ ಸೀಲ್ಸ್ ಈ ಸಮಸ್ಯೆಗೆ ಬೇರೆಯೇ ದಾರಿ ಹುಡುಕಿದರು. ಆಸ್ಪತ್ರೆಗಳಲ್ಲಿ ದೇಹದ ಒಳಭಾಗವನ್ನು ನೋಡಲು ಬಳಸುವ ಸಿ.ಟಿ. ಸ್ಕ್ಯಾನ್ ತತ್ತ್ವದಂತೆಯೇ ಸುರುಳಿಯನ್ನು ಕ್ಷ-ಕಿರಣಗಳಿಂದ ಚಿತ್ರಿಸಿ, ಒಳಗಿನ ಪದರಗಳನ್ನು ಗಣಕಯಂತ್ರದಲ್ಲೇ ಒಂದೊಂದಾಗಿ ಗುರುತಿಸಿ, ಚಪ್ಪಟೆಯಾಗಿ ಹರಡಿ ತೋರಿಸುವುದು ಈ ವಿಧಾನ. ಇಸ್ರೇಲ್‌ನ ಏನ್-ಗೆಡಿಯಲ್ಲಿ 1970ರಲ್ಲಿ ದೊರೆತಿದ್ದ ಸುಟ್ಟ ಹೀಬ್ರೂ ಸುರುಳಿಯೊಂದನ್ನು 2015ರಲ್ಲಿ ಹೀಗೆ ಓದಲಾಯಿತು. ಅದು ಬೈಬಲ್‌ನ ಯಾಜಕಕಾಂಡದ ಆರಂಭದ ಭಾಗವೆಂದು ತಿಳಿದುಬಂದಿತು.

ಹರ್ಕ್ಯುಲೇನಿಯಂ ಸುರುಳಿಗಳು ಇಷ್ಟು ಸುಲಭವಾಗಿ ಮಣಿಯಲಿಲ್ಲ. ಏನ್-ಗೆಡಿ ಸುರುಳಿಯ ಶಾಯಿಯಲ್ಲಿ ಲೋಹದ ಅಂಶ ಇದ್ದುದರಿಂದ ಅಕ್ಷರಗಳು ಕ್ಷ-ಕಿರಣ ಚಿತ್ರದಲ್ಲಿ ಎದ್ದು ಕಂಡಿದ್ದವು. ಹರ್ಕ್ಯುಲೇನಿಯಂನ ಶಾಯಿಯಾದರೋ ಕಾಡಿಗೆಯಿಂದ ಮಾಡಿದ್ದು. ಇದ್ದಿಲಾದ ಹಾಳೆಯ ಮೇಲೆ ಇಂಗಾಲದ ಶಾಯಿ ಎಂದರೆ ಕಪ್ಪು ಹಲಗೆಯ ಮೇಲೆ ಮಸಿಯಿಂದ ಬರೆದಂತೆ. ಪ್ಯಾರಿಸ್‌ನಲ್ಲಿದ್ದ ಸುರುಳಿಗಳನ್ನು 2019ರಲ್ಲಿ ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಕೇಂದ್ರದಲ್ಲಿ ಅತಿ ಸೂಕ್ಷ್ಮವಾಗಿ ಚಿತ್ರಿಸಲಾಯಿತಾದರೂ, ಬರಿಗಣ್ಣಿಗೆ ಅಕ್ಷರಗಳು ಕಾಣಲಿಲ್ಲ.

ಬಹುಮಾನದ ಸ್ಪರ್ಧೆ

2023ರ ಮಾರ್ಚ್‌ನಲ್ಲಿ ಸೀಲ್ಸ್ ಅವರು ಉದ್ಯಮಿಗಳಾದ ನ್ಯಾಟ್ ಫ್ರೀಡ್‌ಮನ್ ಹಾಗೂ ಡೇನಿಯಲ್ ಗ್ರಾಸ್ ಅವರೊಡಗೂಡಿ 'ವೆಸೂವಿಯಸ್ ಚಾಲೆಂಜ್' ಎಂಬ ಸ್ಪರ್ಧೆಯನ್ನು ಪ್ರಕಟಿಸಿದರು. ಸ್ಕ್ಯಾನ್ ಮಾಡಿದ ಚಿತ್ರಗಳನ್ನೂ ಅದುವರೆಗಿನ ತಂತ್ರಾಂಶವನ್ನೂ ಎಲ್ಲರಿಗೂ ಮುಕ್ತವಾಗಿ ಒದಗಿಸಲಾಯಿತು. ಚಿತ್ರಗಳನ್ನು ತಾಳ್ಮೆಯಿಂದ ನೋಡುತ್ತಿದ್ದ ಕೇಸಿ ಹ್ಯಾಂಡ್ಮರ್ ಎಂಬುವರಿಗೆ ಶಾಯಿ ಇದ್ದೆಡೆಯಲ್ಲಿ ಬತ್ತಿದ ಕೆರೆಯ ಕೆಸರಿನಂತೆ ಬಿರುಕುಬಿಟ್ಟ ವಿನ್ಯಾಸ ಕಾಣಿಸಿತು. ಈ ಬಿರುಕುಗಳನ್ನೇ ಪಾಠವಾಗಿಟ್ಟು ಅಮೆರಿಕದ ನೆಬ್ರಾಸ್ಕಾದ ವಿದ್ಯಾರ್ಥಿ, 21 ವರ್ಷದ ಲ್ಯೂಕ್ ಫ್ಯಾರಿಟರ್ ಯಂತ್ರ ಕಲಿಕೆಯ ಮಾದರಿಯೊಂದಕ್ಕೆ ತರಬೇತಿ ನೀಡಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟವಾದ ಮೊದಲ ಪದ 'ಪೊರ್ಫ್ಯುರಾಸ್'. ಗ್ರೀಕ್‌ನಲ್ಲಿ ಕೆನ್ನೇರಳೆ ಬಣ್ಣವನ್ನು ಸೂಚಿಸುವ ಪದ. ಇದಕ್ಕೆ ಅವರು 40 ಸಾವಿರ ಡಾಲರ್ ಬಹುಮಾನ ಪಡೆದರು. ಬರ್ಲಿನ್‌ನಲ್ಲಿದ್ದ ಈಜಿಪ್ಟ್ ಮೂಲದ ಸಂಶೋಧಕ ಯೂಸೆಫ್ ನಾದೆರ್ ಬೇರೆ ವಿಧಾನದಿಂದ ಅದೇ ಪದವನ್ನು ಗುರುತಿಸಿದ್ದರು.

ಇವರಿಬ್ಬರೂ ಸ್ವಿಟ್ಸರ್ಲೆಂಡ್‌ನ ಜೂಲಿಯನ್ ಷಿಲ್ಲಿಗರ್ ಅವರೊಂದಿಗೆ ಸೇರಿ ನಡೆಸಿದ ಪ್ರಯತ್ನಕ್ಕೆ 2024ರ ಫೆಬ್ರುವರಿಯಲ್ಲಿ 7 ಲಕ್ಷ ಡಾಲರ್‌ಗಳ ಮಹಾಬಹುಮಾನ ಸಂದಿತು. ಬೆಳಕಿಗೆ ಬಂದದ್ದು 15 ಅಂಕಣಗಳ, 2,000ಕ್ಕೂ ಹೆಚ್ಚು ಅಕ್ಷರಗಳ ಪಠ್ಯ. ಸುರುಳಿಯ ಸುಮಾರು ಶೇ 5ರಷ್ಟು ಭಾಗ. ಸುಖ, ಸಂಗೀತ ಹಾಗೂ ಆಹಾರದ ಕುರಿತ ತಾತ್ವಿಕ ಚರ್ಚೆ ಅದರಲ್ಲಿದ್ದು, ಎಪಿಕ್ಯೂರಸ್‌ನ ಪಂಥಕ್ಕೆ ಸೇರಿದ ಫಿಲೊಡೀಮಸ್‌ನ ರಚನೆ ಇರಬಹುದೆಂದು ವಿದ್ವಾಂಸರು ಅಭಿಪ್ರಾಯಪಟ್ಟರು. 2025ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನ ಬೊಡ್ಲಿಯನ್ ಗ್ರಂಥಾಲಯದ ಸುರುಳಿಯೊಂದರ ಒಳಗಿನಿಂದ ಶೀರ್ಷಿಕೆಯನ್ನೇ ಓದಲಾಯಿತು. ಅದು ಫಿಲೊಡೀಮಸ್ ಬರೆದ, ದುರ್ಗುಣಗಳ ಕುರಿತ ಗ್ರಂಥ. ಬಿಚ್ಚದ ಸುರುಳಿಯೊಂದರ ಕರ್ತೃ ಹಾಗೂ ಹೆಸರು ತಿಳಿದದ್ದು ಇದೇ ಮೊದಲು.

ಊಹೆಗೆ ಕಡಿವಾಣ

ಯಂತ್ರ ಕಲಿಕೆಯ ಮಾದರಿಗಳಿಗೆ ಒಂದು ದೌರ್ಬಲ್ಯವಿದೆ. ಕಲಿತದ್ದನ್ನು ಇಲ್ಲದ ಕಡೆಯಲ್ಲೂ ಕಾಣುವುದು ಅವುಗಳ ಸ್ವಭಾವ. ಗ್ರೀಕ್ ಅಕ್ಷರಗಳನ್ನು ಕಲಿಸಿದರೆ ಬರಿಯ ಬಿರುಕಿನಲ್ಲೂ ಗ್ರೀಕ್ ಅಕ್ಷರವನ್ನೇ ತೋರಿಸಬಹುದು. ಆದುದರಿಂದ ಹರ್ಕ್ಯುಲೇನಿಯಂ ಕಾರ್ಯದಲ್ಲಿ ಯಂತ್ರಕ್ಕೆ ಅಕ್ಷರಗಳನ್ನು ಕಲಿಸಲೇ ಇಲ್ಲ. ಒಂದಕ್ಷರಕ್ಕಿಂತ ಚಿಕ್ಕದಾದ ತುಣುಕನ್ನು ಮಾತ್ರ ಅದಕ್ಕೆ ತೋರಿಸಿ, 'ಇಲ್ಲಿ ಶಾಯಿ ಇದೆಯೇ, ಇಲ್ಲವೇ' ಎಂಬುದನ್ನಷ್ಟೇ ಕೇಳಲಾಯಿತು. ಅಂಥ ಸಾವಿರಾರು ಉತ್ತರಗಳು ಒಂದರ ಪಕ್ಕ ಒಂದು ಕೂಡಿದಾಗ ಅಕ್ಷರ ತಾನಾಗಿ ಮೂಡಬೇಕು. ಫಲಿತಾಂಶವನ್ನು ಪಪೈರಸ್ ತಜ್ಞರ ಸಮಿತಿ ಪರಿಶೀಲಿಸಿತು. ಓದಿ ಅರ್ಥ ಹೇಳಿದವರು ಗ್ರೀಕ್ ಬಲ್ಲ ಈ ವಿದ್ವಾಂಸರೇ ಹೊರತು ಯಂತ್ರವಲ್ಲ.

ಶಾಸನಗಳ ಖಾಲಿ ಜಾಗ ತುಂಬುವ 'ಇಥಾಕಾ'

ಒಡೆದ ಶಾಸನಗಳ ವಿಷಯದಲ್ಲಿ ಸ್ಥಿತಿ ಭಿನ್ನ. ಅಲ್ಲಿ ಅಕ್ಷರವೇ ಇಲ್ಲದಿರುವುದರಿಂದ ಊಹೆ ಅನಿವಾರ್ಯ. ಗೂಗಲ್ ಒಡೆತನದ ಡೀಪ್‌ಮೈಂಡ್ ಸಂಸ್ಥೆಯು ವೆನಿಸ್, ಆಕ್ಸ್‌ಫರ್ಡ್ ಹಾಗೂ ಅಥೆನ್ಸ್‌ನ ವಿದ್ವಾಂಸರೊಂದಿಗೆ ಸೇರಿ ರೂಪಿಸಿದ 'ಇಥಾಕಾ' ಎಂಬ ಮಾದರಿಯ ವಿವರ 2022ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 78 ಸಾವಿರ ಗ್ರೀಕ್ ಶಾಸನಗಳ ಪಾಠದಿಂದ ಕಲಿತ ಇದು, ನಷ್ಟವಾದ ಅಕ್ಷರಗಳನ್ನು ಸೂಚಿಸುವುದಲ್ಲದೆ ಶಾಸನದ ಸ್ಥಳ ಹಾಗೂ ಕಾಲವನ್ನೂ ಅಂದಾಜಿಸುತ್ತದೆ. ಇದರ ಪರೀಕ್ಷೆಯ ಫಲಿತಾಂಶ ಗಮನಾರ್ಹವಾದುದು. ಇತಿಹಾಸಕಾರರು ಸ್ವತಃ ಪಾಠ ತುಂಬಿದಾಗ ನಿಖರತೆ ಶೇ 25ರಷ್ಟಿತ್ತು. ಯಂತ್ರ ತಾನೇ ತುಂಬಿದಾಗ ಶೇ 62ಕ್ಕೆ ಏರಿತು. ಯಂತ್ರದ ಸೂಚನೆಗಳನ್ನು ನೋಡಿ ಇತಿಹಾಸಕಾರರು ನಿರ್ಧರಿಸಿದಾಗ ಶೇ 72 ತಲುಪಿತು.

ಲ್ಯಾಟಿನ್ ಶಾಸನಗಳಿಗೆಂದು ರೂಪಿಸಿದ 'ಈನಿಯಸ್' 2025ರ ಜುಲೈಯಲ್ಲಿ ಪ್ರಕಟವಾಯಿತು. ಇದು ಉತ್ತರದ ಜೊತೆಗೆ, ಆ ಉತ್ತರಕ್ಕೆ ಆಧಾರವಾಗಬಲ್ಲ ಹೋಲಿಕೆಯ ಶಾಸನಗಳನ್ನೂ ಮುಂದಿಡುತ್ತದೆ. ಚಕ್ರವರ್ತಿ ಆಗಸ್ಟಸ್‌ನ ಪ್ರಸಿದ್ಧ ಆತ್ಮಚರಿತ್ರೆಯ ಶಾಸನವನ್ನು ಒಡ್ಡಿದಾಗ ಈನಿಯಸ್ ಒಂದೇ ಕಾಲವನ್ನು ಹೇಳದೆ, ಕ್ರಿ.ಪೂ. ಮೊದಲ ದಶಕದ ಸುತ್ತ ಒಂದು, ಕ್ರಿ.ಶ. 10ರಿಂದ 20ರ ನಡುವೆ ಇನ್ನೊಂದು ಎಂದು ಎರಡು ಸಾಧ್ಯತೆಗಳನ್ನು ಸೂಚಿಸಿತು. ವಿದ್ವಾಂಸರ ನಡುವೆ ಹಿಂದಿನಿಂದಲೂ ಇರುವ ಭಿನ್ನಾಭಿಪ್ರಾಯವೂ ಇದೇ ಆಗಿದೆ.

ಕನ್ನಡಕ್ಕೊಂದು ಹಳೆಯ ಪಾಠ

ಕಾಣಬೇಕೆಂದು ಬಯಸಿದ್ದನ್ನು ಕಾಣುವುದು ಯಂತ್ರದ ದೋಷ ಮಾತ್ರವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖರಿಟಿಯನ್ ಎಂಬ ಗ್ರೀಕ್ ಯುವತಿಯ ಕಥೆ ಅದು. ಅಲ್ಲಿನ ಅರಸ ಹಾಗೂ ಪರಿವಾರದವರು ಗ್ರೀಕ್ ಅಲ್ಲದ ಭಾಷೆಯೊಂದರಲ್ಲಿ ಮಾತನಾಡುತ್ತಾರೆ. ಅದು ಕನ್ನಡವೆಂದು ಶಾಸನತಜ್ಞ ಇ. ಹುಲ್ಷ್ 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದವರು ಈ ಚರ್ಚೆಯನ್ನು ಮುಂದುವರಿಸಿದರು. ಎಲ್.ಡಿ. ಬಾರ್ನೆಟ್ 1926ರಲ್ಲಿ ಈ ವಾದವನ್ನು ತಳ್ಳಿಹಾಕಿದರು. ತುಳು ಎಂದವರೂ ಉಂಟು. ಗ್ರೀಕ್ ಲಿಪಿಯಲ್ಲಿ ಪದವಿಭಾಗವಿಲ್ಲದೆ ಬರೆದ ಕೆಲವೇ ಸಾಲುಗಳಿಂದ ಹಲವರು ಹಲವು ಅರ್ಥ ಹೊರಡಿಸಿದರು. ಆದರೆ ಪ್ರತಿಯೊಬ್ಬರೂ ತಮ್ಮ ಆಧಾರವನ್ನು ಮುಂದಿಟ್ಟದ್ದರಿಂದಲೇ ಉಳಿದವರಿಗೆ ಅದನ್ನು ಒಪ್ಪಲು, ಅಲ್ಲಗಳೆಯಲು ಸಾಧ್ಯವಾಯಿತು. ಯಂತ್ರದ ಓದಿಗೂ ಇದೇ ಕಟ್ಟಳೆ ಅನ್ವಯಿಸಬೇಕೆಂಬುದು ವಿದ್ವಾಂಸರ ಅಪೇಕ್ಷೆ.

ಕರ್ನಾಟಕದ ಶಾಸನಗಳು

ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1886ರಿಂದ ಎರಡು ದಶಕಗಳಲ್ಲಿ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳ ಮೂಲಕ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಪಠ್ಯ ಹೀಗೆ ಉಳಿಯಿತಾದರೂ ಎಲ್ಲ ಕಲ್ಲುಗಳೂ ಉಳಿಯಲಿಲ್ಲ. ರಸ್ತೆ, ಬಡಾವಣೆ, ಮನೆಯ ಪಾಯ ಎಂದು ನಗರ ಬೆಳೆದಂತೆ ಅನೇಕ ಕಲ್ಲುಗಳು ಕಣ್ಮರೆಯಾದವು.

ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಶಾಸನ ದಾಖಲೆಯ ಸಾಂಪ್ರದಾಯಿಕ ವಿಧಾನ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಡಿ ನಗರ ಹಾಗೂ ಸುತ್ತಲ ಜಿಲ್ಲೆಗಳ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನರ್‌ನಿಂದ ದಾಖಲಿಸಲಾಗುತ್ತಿದೆ. ಸ್ಕ್ಯಾನರ್ ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ಮಿಲಿಮೀಟರ್‌ಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ಬಳಿಕ ಗಣಕಯಂತ್ರದಲ್ಲಿ ಬೇಕಾದ ಕೋನದಿಂದ ಬೆಳಕು ಹಾಯಿಸಿ, ಬರಿಗಣ್ಣಿಗೆ ಸವೆದಂತೆ ತೋರುವ ಅಕ್ಷರಗಳನ್ನೂ ಗುರುತಿಸಬಹುದು. ಬೆಂಗಳೂರಿನ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, 8ನೇ ಶತಮಾನದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂದದ್ದು ಇಂಥ ಕಾರ್ಯದ ತುರ್ತನ್ನು ಜನರ ಗಮನಕ್ಕೆ ತಂದಿತು.

ಆದರೆ ಚಿತ್ರ ತೆಗೆಯುವುದು ಮೊದಲ ಹೆಜ್ಜೆ ಮಾತ್ರ. ಇಥಾಕಾ ಸಾಧ್ಯವಾದದ್ದು ಗ್ರೀಕ್ ಶಾಸನಗಳ ಪಾಠವನ್ನು ದಶಕಗಳ ಕಾಲ ಬೆರಳಚ್ಚು ಮಾಡಿ ಹುಡುಕಬಲ್ಲ ರೂಪದಲ್ಲಿ ಇಟ್ಟಿದ್ದರಿಂದ. ಮುದ್ರಿತ ಪುಟದ ಛಾಯಾಚಿತ್ರದಿಂದ ಯಂತ್ರ ಕಲಿಯಲಾರದು. ಅದಕ್ಕೆ ಅಕ್ಷರ ಅಕ್ಷರವಾಗಿ ದಾಖಲಾದ ಪಠ್ಯ ಬೇಕು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಲು ಅನುವಾಗಿಸಿದ 'ವಚನ ಸಂಚಯ' ಈ ದಿಕ್ಕಿನಲ್ಲಿ ಕನ್ನಡದಲ್ಲಿ ನಡೆದ ಮಾದರಿ ಪ್ರಯತ್ನ.

ಅಕ್ಷರಗಳ ಸಂಕೇತವೂ ಗೊಂದಲಮುಕ್ತವಾಗಿರಲಿಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ ಯುನಿಕೋಡ್‌ನಲ್ಲಿ ಸ್ಥಾನ ಸಿಕ್ಕಿದರೂ, ಕಣ್ತಪ್ಪಿನಿಂದ ಅದಕ್ಕೆ 'ಫ' ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರೇ ಉಳಿದುಕೊಂಡಿದೆ. ಹಳೆಯ ಬರಹಗಳಲ್ಲಿ ಬರುವ ನಕಾರಪೊಲ್ಲು 2021ರ ಆವೃತ್ತಿಯಲ್ಲಷ್ಟೇ ಸೇರಿತು. ಇಂಥ ಅಕ್ಷರಗಳನ್ನು ಬಿಟ್ಟೋ ಬದಲಿಸಿಯೋ ಬೆರಳಚ್ಚು ಮಾಡಿದ ಶಾಸನಪಾಠದಿಂದ ಕಲಿತ ಯಂತ್ರ, ಶಾಸನದ ಕಾಲವನ್ನು ತಪ್ಪಾಗಿ ಹೇಳುವ ಸಂಭವವಿದೆ. ಏಕೆಂದರೆ ತೇದಿಯಿಲ್ಲದ ಕನ್ನಡ ಶಾಸನದ ಕಾಲನಿರ್ಣಯಕ್ಕೆ ಆಧಾರವಾಗುವ ಕುರುಹುಗಳಲ್ಲಿ ಈ ಅಕ್ಷರಗಳ ಬಳಕೆಯೂ ಒಂದು.

ವಿದ್ವಾಂಸನ ಸ್ಥಾನ

ಶಾಸನ ಸಂಪಾದಕರು ತಾವು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ತೋರಿಸುವುದು ಹಿಂದಿನಿಂದ ಬಂದ ಶಿಸ್ತು. ಕಲ್ಲಿನ ಮೇಲೆ ಇರುವುದು ಯಾವುದು, ಸಂಪಾದಕರದು ಯಾವುದು ಎಂಬುದು ಓದುಗನಿಗೆ ತಿಳಿಯಲಿ ಎಂಬುದೇ ಅದರ ಉದ್ದೇಶ. ಪಠ್ಯವನ್ನು ಯಂತ್ರಕ್ಕೆ ಉಣಿಸುವಾಗ ಕಂಸಗಳು ಕಳಚಿಬಿದ್ದರೆ ಒಬ್ಬರ ಊಹೆ ಮುಂದಿನ ನೂರು ಊಹೆಗಳಿಗೆ ಪ್ರಮಾಣವಾಗಿಬಿಡುತ್ತದೆ.

ಸುಟ್ಟ ಸುರುಳಿಯನ್ನು ಯಂತ್ರವಿಲ್ಲದೆ ಓದಲಾಗುತ್ತಿರಲಿಲ್ಲ. ಗ್ರೀಕ್ ಬಲ್ಲವರಿಲ್ಲದಿದ್ದರೆ ಓದಿಯೂ ಪ್ರಯೋಜನವಿರುತ್ತಿರಲಿಲ್ಲ. ಹಳಗನ್ನಡವನ್ನೂ ಅದರ ಲಿಪಿಯ ಬದಲಾವಣೆಗಳನ್ನೂ ಬಲ್ಲ ಶಾಸನತಜ್ಞರ ಹೊಸ ಪೀಳಿಗೆ ಸಿದ್ಧಗೊಳ್ಳದಿದ್ದರೆ, ಎಷ್ಟೇ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದರೂ ಕರ್ನಾಟಕದ ಶಾಸನಗಳು ಓದುವವರಿಲ್ಲದ ಚಿತ್ರಗಳಾಗಿ ಉಳಿದುಬಿಡಬಹುದು.