ಯುದ್ಧ ಮುಗಿದ ಮೇಲೂ ಉಳಿದ ಚೀಟಿ

ಇಂದು ನಮ್ಮಲ್ಲಿ ಹಸುಗೂಸಿಗೂ ಆಧಾರ್ ಸಂಖ್ಯೆ ಉಂಟು. ಅದನ್ನು ಕಂಡಾಗ ನನಗೆ ಬ್ರಿಟನ್ನಿನ ಹಳೆಯ ಪ್ರಸಂಗವೊಂದು ನೆನಪಾಗುತ್ತದೆ.

ಮಹಾಯುದ್ಧ ಆರಂಭವಾದ ತಿಂಗಳಲ್ಲೇ, 1939ರ ಸೆಪ್ಟೆಂಬರ್ 29ರಂದು, ಅಲ್ಲಿನ ಸರ್ಕಾರ ಮನೆಮನೆಯವರ ಹೆಸರು ಬರೆಸಿಕೊಂಡು, ತೊಟ್ಟಿಲ ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟಿತು. ಪಡಿತರಕ್ಕೂ ಸೈನ್ಯಭರ್ತಿಗೂ ಅದು ಬೇಕಾಗಿತ್ತು. 1945ರಲ್ಲಿ ಯುದ್ಧ ಮುಗಿಯಿತು, ಚೀಟಿ ಉಳಿಯಿತು.

1950ರ ಡಿಸೆಂಬರಿನಲ್ಲಿ, ಕಾರನ್ನು ತಡೆದ ಪೊಲೀಸನಿಗೆ ಚೀಟಿ ತೋರಿಸಲು ಕ್ಲಾರೆನ್ಸ್ ವಿಲ್‌ಕಾಕ್ ಎಂಬಾತ ಒಪ್ಪಲಿಲ್ಲ. 1951ರಲ್ಲಿ ಆತ ಮೇಲ್ಮನವಿಯಲ್ಲಿ ಸೋತ. ಆದರೂ, ಯುದ್ಧಕ್ಕೆಂದು ಮಾಡಿದ ಕಾನೂನನ್ನು ಬೇರೆ ಕೆಲಸಕ್ಕೆ ಬಳಸಿದರೆ ಸಜ್ಜನರೂ ಅಪರಾಧಿಗಳಾಗುವರೆಂದು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್ ಎಚ್ಚರಿಸಿದರು. 1952ರ ಫೆಬ್ರವರಿಯಲ್ಲಿ ಚೀಟಿ ರದ್ದಾಯಿತು.

ಕಾರಣ ಹೇಳಿ ಚೀಟಿ ಕೊಟ್ಟ ಸರ್ಕಾರಕ್ಕೆ, ಆ ಕಾರಣ ತೀರಿತೆಂದು ನೆನಪಿಸಲು ಸಾಮಾನ್ಯನೊಬ್ಬ ಕಟಕಟೆ ಏರಬೇಕಾಯಿತು.