ಅಲ್ಲಾಡುವ ಕುರ್ಚಿಯ ನೂರಿಪ್ಪತ್ತೈದು ವರ್ಷ

ಹೋದ ತಿಂಗಳು ಅಪ್ಪ ಅಮ್ಮ ಊರಿಂದ ಬಂದಿದ್ದರು. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬೇಜಾರು. "ಬನ್ನಿ, ಒಂದು ಸಿನಿಮಾ ನೋಡ್ಕೊಂಡು ಬರೋಣ" ಅಂತ ಇಬ್ಬರನ್ನೂ ಹೊರಡಿಸಿಕೊಂಡು ಮಾಲ್ ಒಂದಕ್ಕೆ ಹೋದೆ. ಟಿಕೆಟ್ ತೆಗೆಯುವಾಗ ನಾನು ಸರಿಯಾಗಿ ನೋಡಿರಲಿಲ್ಲ. ಅದು ಕುರ್ಚಿ ಅಲ್ಲಾಡುವ, ಮುಖಕ್ಕೆ ನೀರು ಚಿಮ್ಮುವ 4ಡಿ ಷೋ! ಒಳಗೆ ಹೋಗುವ ಬಾಗಿಲ ಪಕ್ಕ ಒಂದು ಬೋರ್ಡು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಬೆನ್ನುನೋವಿನವರು ಕೂರಬಾರದು ಅಂತ.

ಅಮ್ಮನಿಗೆ ಡಿಸ್ಕ್ ತೊಂದರೆ ಶುರುವಾಗಿ ಮೂರು ವರ್ಷ ಆಯ್ತು. ಬೋರ್ಡು ಓದಿದವಳೇ, "ನೀವಿಬ್ರೂ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಜನಾನ ನೋಡ್ತಾ ಕೂತಿರ್ತೀನಿ" ಅಂತ ಹೊರಗಿನ ಸೋಫಾದಲ್ಲಿ ಕೂತುಬಿಟ್ಟಳು. ನಾನೂ ಕೂತಿರ್ತೀನಿ ಅಂದರೆ ಕೇಳಲಿಲ್ಲ. ದುಡ್ಡು ದಂಡ ಅಂತ ಬೈದು ಒಳಗೆ ಕಳಿಸಿದಳು.

ಅಪ್ಪನ ಕಥೆ ಬೇರೆ. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿ ಕಿವಿ ಹೋಗಿದೆ. ಮಷೀನು ಹಾಕಿಕೊಂಡರೆ ಮಾತು ಒಂದಿಷ್ಟು ಕೇಳುತ್ತೆ, ಆದರೆ ಥಿಯೇಟರಿನ ಗದ್ದಲಕ್ಕೆ ಅದು ಕಿರ್ ಅನ್ನುತ್ತೆ ಅಂತ ತೆಗೆದು ಜೇಬಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಹತ್ತು ವರ್ಷದಿಂದ ಅವರಿಗೆ ಸಿನಿಮಾ ಅಂದರೆ ಮೂಕಿಚಿತ್ರ. ಅವತ್ತು ಇದ್ದದ್ದು ಕಾರು ರೇಸಿನ ಇಂಗ್ಲಿಷ್ ಸಿನಿಮಾ. ಐದು ನಿಮಿಷ ಆಗಿತ್ತೇನೋ, ಪರದೆ ಮೇಲೆ ಒಂದು ಕಾರು ಸ್ಟಾರ್ಟ್ ಆಯ್ತು, ನಮ್ಮ ಕುರ್ಚಿ ಸಣ್ಣಗೆ ಗುರುಗುಟ್ಟಿತು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ಹೆದರಿಕೊಂಡರು ಅಂತ ತಿರುಗಿ ನೋಡಿದರೆ ನಗುತ್ತಿದ್ದರು. ಇಂಟರ್‌ವಲ್‌ನಲ್ಲಿ ಹೇಳಿದ್ದು ಒಂದೇ ಮಾತು, "ಇಂಜಿನ್ ಸದ್ದು ಕೇಳಿಸ್ತು ಕಣೋ."

ಹೊರಗೆ ಬಂದ ಮೇಲೆ ಅಮ್ಮನ ಪಕ್ಕ ನಡೆಯುತ್ತಾ ಇನ್ನೊಂದು ಮಾತು ಸೇರಿಸಿದರು. "ಇವಳೂ ಕೂರೋ ಥರದ್ದು ಯಾವುದಾದ್ರೂ ಇದ್ಯಾ, ನೋಡು."

ಆ ಪ್ರಶ್ನೆ ಹಿಡಿದುಕೊಂಡು ಹುಡುಕಲು ಕೂತವನು ನಾನು. 4ಡಿಎಕ್ಸ್, ಡಿ-ಬಾಕ್ಸ್, ಎಂಎಕ್ಸ್4ಡಿ ಅಂತ ಹೆಸರು ನೋಡುತ್ತಾ ಹೋದರೆ ಅದು ನನ್ನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದ್ದು 1900ನೇ ಇಸವಿಯ ಪ್ಯಾರಿಸ್‌ನಲ್ಲಿ!

ಆ ವರ್ಷ ಪ್ಯಾರಿಸ್‌ನಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆದಿತ್ತು. ಅಲ್ಲಿ ಹ್ಯೂಗೋ ಡಾಲೆಸಿ ಎಂಬ ಚಿತ್ರಕಾರ 'ಮಾರಿಯೋರಾಮಾ' ಅಂತ ಒಂದು ಆಕರ್ಷಣೆ ಮಾಡಿದ್ದ. ಜನ ಹತ್ತುವುದು ಒಂದು ಹಡಗಿನ ಅಟ್ಟವನ್ನು. ಅದು ಅಲೆಗೆ ಸಿಕ್ಕಿದ ಹಾಗೆ ಹಿಂದೆ ಮುಂದೆ, ಅಕ್ಕ ಪಕ್ಕ ಓಲಾಡುತ್ತಿತ್ತು. ಎರಡೂ ಬದಿಯಲ್ಲಿ ಸುರುಳಿ ಸುತ್ತಿದ ಭಾರೀ ಕ್ಯಾನ್ವಾಸ್ ಚಿತ್ರಗಳು ಸರಿದುಹೋಗುತ್ತಿದ್ದವು, ದಕ್ಷಿಣ ಫ್ರಾನ್ಸಿನಿಂದ ಇಸ್ತಾಂಬುಲ್‌ವರೆಗೆ ಸಮುದ್ರಯಾನ ಮಾಡಿದ ಹಾಗೆ. ಫ್ಯಾನುಗಳ ಮುಂದೆ ಕಡಲಪಾಚಿ ಇಟ್ಟು ಉಪ್ಪುಗಾಳಿಯ ವಾಸನೆ ಬರಿಸುತ್ತಿದ್ದರು. ನಾವಿಕರ ವೇಷದ ನಟರೂ ಇದ್ದರು. ಅಲ್ಲಾಟ, ಗಾಳಿ, ವಾಸನೆ... ಈಗ 4ಡಿ ಅಂತ ಮಾರುವುದರ ಮುಕ್ಕಾಲು ಪಾಲು ಅಲ್ಲೇ ಇತ್ತು. ಚಲನಚಿತ್ರ ಒಂದು ಇರಲಿಲ್ಲ ಅಷ್ಟೆ.

ಚಲನಚಿತ್ರವನ್ನು ಸೇರಿಸಿದವನು ಅಮೆರಿಕದ ಕನ್ಸಾಸ್ ಸಿಟಿಯ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಜಾರ್ಜ್ ಹೇಲ್. 1905ರಲ್ಲಿ ಆ ಊರಿನ ಎಲೆಕ್ಟ್ರಿಕ್ ಪಾರ್ಕಿನಲ್ಲಿ ಅವನ 'ಹೇಲ್ಸ್ ಟೂರ್ಸ್' ಶುರುವಾಯಿತು. ರೈಲು ಡಬ್ಬಿಯ ಥರದ ಕೋಣೆ. ಟಿಕೆಟ್ ಹರಿಯುವವನು ಕಂಡಕ್ಟರನ ಸಮವಸ್ತ್ರದಲ್ಲಿ. ಡಬ್ಬಿಯ ತುದಿಯಲ್ಲಿ ಪರದೆ, ಅದರ ಮೇಲೆ ಓಡುವ ರೈಲಿನ ಮೂತಿಗೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರ. ಕೆಳಗೆ ಡಬ್ಬಿ ಕುಲುಕುತ್ತೆ, ಗಾಲಿ ಸದ್ದು ಬರುತ್ತೆ, ಮುಖಕ್ಕೆ ಗಾಳಿ ಹೊಡೆಯುತ್ತೆ. ಹತ್ತು ಸೆಂಟಿಗೆ ಸ್ವಿಟ್ಜರ್ಲೆಂಡ್ ನೋಡಿ ಬರಬಹುದು. ಇದರಲ್ಲಿ ದುಡ್ಡು ಹಾಕಿದವರಲ್ಲಿ ಅಡಾಲ್ಫ್ ಜೂಕರ್ ಒಬ್ಬ. ಮುಂದೆ ಪ್ಯಾರಾಮೌಂಟ್ ಕಂಪನಿ ಕಟ್ಟಿದ್ದು ಅವನೇ. ಆದರೆ ಕೆಲವೇ ವರ್ಷದಲ್ಲಿ ಜನಕ್ಕೆ ಸಾಕಾಯಿತು. ರೈಲು ಎಷ್ಟು ಸಲ ಹತ್ತುತ್ತಾರೆ ಹೇಳಿ? ಅಷ್ಟರಲ್ಲಿ ಸಿನಿಮಾ ಕಥೆ ಹೇಳಲು ಕಲಿತಿತ್ತು. ಕಥೆ ಬಂದ ಮೇಲೆ ಕುರ್ಚಿ ಅಲ್ಲಾಡುವುದು ಯಾರಿಗೂ ಬೇಕಾಗಲಿಲ್ಲ.

ಮತ್ತೆ ಬೇಕಾಗಿದ್ದು ಟೀವಿ ಬಂದಾಗ. ಜನ ಮನೆಯಲ್ಲೇ ಕೂತುಬಿಟ್ಟರೆ ಥಿಯೇಟರಿನವನ ಗತಿ ಏನು? ಮನೆಯಲ್ಲಿ ಸಿಗದೇ ಇರುವುದನ್ನು ಕೊಡಬೇಕು. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ 'ಸಿನೆರಾಮಾ' ಬಂತು. ಮೂರು ಪ್ರೊಜೆಕ್ಟರು, ಒಳಕ್ಕೆ ಬಾಗಿದ ಅಗಲವಾದ ಪರದೆ. ಮೊದಲ ದೃಶ್ಯವೇ ರೋಲರ್ ಕೋಸ್ಟರ್. ಇಲ್ಲಿ ಕುರ್ಚಿ ಒಂದಿಂಚೂ ಅಲ್ಲಾಡುತ್ತಿರಲಿಲ್ಲ, ಆದರೂ ಜನಕ್ಕೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಗುತ್ತಿತ್ತು! ಕಣ್ಣಿನ ಅಂಚಿಗೆ ಬೀಳುವ ಚಿತ್ರ ಸರಿದಾಗ ನಾವೇ ಚಲಿಸುತ್ತಿದ್ದೇವೆ ಅಂತ ಮೆದುಳು ನಂಬುತ್ತೆ. ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಿತು ಅನ್ನಿಸುತ್ತಲ್ಲ, ಅದೇ. ನಮ್ಮ ಗಾಂಧಿನಗರದ ಕಪಾಲಿ ಥಿಯೇಟರಿಗೂ ಈ ಸಿನೆರಾಮಾದ ನಂಟಿತ್ತು. ಈಗ ಆ ಕಟ್ಟಡವೇ ಇಲ್ಲ.

ಆಮೇಲೆ ವಾಸನೆಯ ಸರದಿ. 1959ರ ಡಿಸೆಂಬರಿನಲ್ಲಿ 'ಅರೋಮಾರಾಮಾ', ಅದರ ಬೆನ್ನಿಗೇ 1960ರಲ್ಲಿ 'ಸ್ಮೆಲ್-ಒ-ವಿಷನ್'. ಮೊದಲನೆಯದು ಏಸಿ ಕೊಳವೆಯಲ್ಲಿ ವಾಸನೆ ಬಿಡುತ್ತಿತ್ತು, ಎರಡನೆಯದು ಸೀಟಿನ ಹತ್ತಿರಕ್ಕೇ ಪೈಪು ಎಳೆದಿತ್ತು. 'ಸೆಂಟ್ ಆಫ್ ಮಿಸ್ಟರಿ' ಎಂಬ ಸಿನಿಮಾದಲ್ಲಿ ಕೊಲೆಗಾರನ ಸುಳಿವೇ ಪೈಪ್ ತಂಬಾಕಿನ ವಾಸನೆ. ಸೊಗಸಾದ ಯೋಚನೆ. ಆದರೆ ಬೆಳಕು ಕತ್ತರಿಸಿದ ಹಾಗೆ ವಾಸನೆಯನ್ನು ಕತ್ತರಿಸಲು ಆಗುತ್ತಾ? ಬಾಲ್ಕನಿಯವರಿಗೆ ವಾಸನೆ ತಲುಪುವಷ್ಟರಲ್ಲಿ ದೃಶ್ಯ ಮುಗಿದಿರುತ್ತಿತ್ತು. ಒಗ್ಗರಣೆ ಹಾಕಿದ ಅಡುಗೆಮನೆಯಲ್ಲಿ ಆಮೇಲೆ ಊದುಬತ್ತಿ ಹಚ್ಚಿದರೆ ಏನಾಗುತ್ತೋ ಅದೇ. ಸ್ಮೆಲ್-ಒ-ವಿಷನ್ ಒಂದೇ ಸಿನಿಮಾಕ್ಕೆ ಮುಗಿಯಿತು.

ನನಗೆ ಈ ಕಥೆಯಲ್ಲೆಲ್ಲ ತುಂಬಾ ಇಷ್ಟವಾದವನು ವಿಲಿಯಂ ಕ್ಯಾಸಲ್. 1959ರಲ್ಲಿ 'ದಿ ಟಿಂಗ್ಲರ್' ಅಂತ ದೆವ್ವದ ಸಿನಿಮಾ ಥರದ್ದೊಂದು ಮಾಡಿದ. ಮನುಷ್ಯ ಹೆದರಿದಾಗ ಬೆನ್ನುಹುರಿಯ ಮೇಲೆ ಒಂದು ಪ್ರಾಣಿ ಬೆಳೆಯುತ್ತೆ, ಕಿರುಚಿದರೆ ಮಾತ್ರ ಸಾಯುತ್ತೆ ಅಂತ ಕಥೆ. ಥಿಯೇಟರಿನ ಕೆಲವು ಸೀಟುಗಳ ಅಡಿಗೆ ಸಣ್ಣ ಮೋಟರು ಸಿಕ್ಕಿಸಿದ. ಎಲ್ಲ ಸೀಟಿಗೂ ಅಲ್ಲ, ಕೆಲವಕ್ಕೆ ಮಾತ್ರ. ಸಿನಿಮಾದ ಮಧ್ಯೆ ಪ್ರಾಣಿ ಥಿಯೇಟರಿಗೇ ನುಗ್ಗಿತು ಅಂತ ಪರದೆ ಕತ್ತಲಾಗುತ್ತೆ, ಕಿರುಚಿ ಅಂತ ದನಿ ಬರುತ್ತೆ, ಯಾರದೋ ಸೀಟು ಝುಮ್ ಅನ್ನುತ್ತೆ. ಮಿಕ್ಕವರಿಗೆ ಪಕ್ಕದವನ ಕಿರುಚಾಟವೇ ಸಾಕು! ಇದಕ್ಕೆ 'ಪರ್ಸೆಪ್ಟೋ' ಅಂತ ಹೆಸರು. ನಡುಗುವುದು ಕುರ್ಚಿಯಾದರೂ ಕೆಲಸ ಮಾಡುವುದು ಪಕ್ಕದಲ್ಲಿ ಕೂತ ಮನುಷ್ಯ ಅನ್ನುವುದು ಅವನಿಗೆ ಗೊತ್ತಿತ್ತು.

ಇದಕ್ಕೆ ಪೂರ್ತಿ ತದ್ವಿರುದ್ಧ ಮಾರ್ಟನ್ ಹೈಲಿಗ್. 1962ರಲ್ಲಿ 'ಸೆನ್ಸೊರಾಮಾ'ಕ್ಕೆ ಪೇಟೆಂಟ್ ಪಡೆದ. ಮೂರು ಆಯಾಮದ ಚಿತ್ರ, ಸ್ಟೀರಿಯೊ ಸದ್ದು, ಗಾಳಿ, ವಾಸನೆ, ನಡುಗುವ ಸೀಟು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ತಲೆ ಒಳಗೆ ಹಾಕಿ ಕೂತರೆ ನ್ಯೂಯಾರ್ಕಿನ ಬೀದಿಗಳಲ್ಲಿ ಮೋಟರ್‌ಸೈಕಲ್ ಸವಾರಿ. ಆದರೆ ಒಂದು ಸಲಕ್ಕೆ ಒಬ್ಬರೇ. ಬಂಡವಾಳ ಹಾಕುವವರು ಸಿಗಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. 1974ರ ನವೆಂಬರಿನಲ್ಲಿ ಯೂನಿವರ್ಸಲ್ ಕಂಪನಿ 'ಅರ್ಥ್‌ಕ್ವೇಕ್' ಸಿನಿಮಾ ಬಿಡುಗಡೆ ಮಾಡಿತು. ಭೂಕಂಪದ ಸಿನಿಮಾ. ಕುರ್ಚಿಗೆ ಮೋಟರು ಹಾಕುವ ಬದಲು ಅವರು ಥಿಯೇಟರಿನಲ್ಲಿ ದೈತ್ಯ ಸ್ಪೀಕರುಗಳನ್ನು ಇಟ್ಟರು. ಕಿವಿಗೆ ಸರಿಯಾಗಿ ಕೇಳಿಸದಷ್ಟು ಕೆಳಗಿನ ಸದ್ದು, ಸೆಕೆಂಡಿಗೆ ಕೆಲವೇ ಹತ್ತು ಕಂಪನ. ಅದು ಎದೆಗೆ, ಹೊಟ್ಟೆಗೆ, ಕುರ್ಚಿಯ ಮರಕ್ಕೆ ತಾಗುತ್ತೆ. ಇದೇ 'ಸೆನ್ಸರೌಂಡ್'. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಉದುರೀತು ಅಂತ ಜನರ ತಲೆಯ ಮೇಲೆ ಬಲೆ ಕಟ್ಟಿದ್ದರಂತೆ! ಅಕಾಡೆಮಿಯವರು ಇದಕ್ಕೆ ತಾಂತ್ರಿಕ ಪ್ರಶಸ್ತಿಯನ್ನೂ ಕೊಟ್ಟರು. 'ಮಿಡ್‌ವೇ', 'ರೋಲರ್‌ಕೋಸ್ಟರ್' ಅಂತ ಬೆರಳೆಣಿಕೆಯ ಸಿನಿಮಾ ಆದ ಮೇಲೆ ನಿಂತುಹೋಯಿತು. ಅಷ್ಟು ಸ್ಪೀಕರು ಹೊತ್ತು ತಂದು ಇಡುವ ಖರ್ಚು ಒಂದು ಕಡೆ, ಪಕ್ಕದ ಪರದೆಯವರಿಗೆ ಕಾಟ ಇನ್ನೊಂದು ಕಡೆ.

ಇದನ್ನು ಓದುವಾಗ ನನಗೆ ಹೊಳೆದದ್ದು, ಅಪ್ಪ ಸುಳ್ಳು ಹೇಳಿರಲಿಲ್ಲ. ಇಂಜಿನ್ ಸದ್ದು ಅವರಿಗೆ ನಿಜವಾಗಿಯೂ 'ಕೇಳಿಸಿತ್ತು'. ಕೆಳಗಿನ ಕಂಪನಕ್ಕೆ ಕಿವಿಯೇ ಬೇಕಂತಿಲ್ಲ, ಮೈ ಸಾಕು. ಮಿಲ್ಲಿನಲ್ಲಿ ಬೆಲ್ಟ್ ಸಡಿಲ ಆಗಿದ್ದನ್ನು ನೆಲಕ್ಕೆ ಕಾಲಿಟ್ಟೇ ಹೇಳುತ್ತಿದ್ದ ಮನುಷ್ಯ ಅವರು.

ಇನ್ನು ನಿಜವಾಗಿ ಅಲ್ಲಾಡುವ ಕುರ್ಚಿ. ಇದು ಬಂದದ್ದು ವಿಮಾನ ಚಾಲಕರ ತರಬೇತಿಯಿಂದ. ಆರು ಕಾಲಿನ ಮೇಲೆ ನಿಂತ ಒಂದು ಹಲಗೆ, ಕಾಲುಗಳು ಉದ್ದ ಗಿಡ್ಡ ಆದ ಹಾಗೆ ಹಲಗೆ ಬೇಕಾದ ಕಡೆ ವಾಲುತ್ತೆ. ಎರಿಕ್ ಗಾಫ್ ಎಂಬಾತ ಇಂಥದ್ದನ್ನು ಮೊದಲು ಮಾಡಿದ್ದು ಡನ್‌ಲಪ್ ಕಂಪನಿಯಲ್ಲಿ ಟೈರ್ ಪರೀಕ್ಷಿಸಲು. 1965ರಲ್ಲಿ ಸ್ಟೂವರ್ಟ್ ಎಂಬಾತ ಇದನ್ನೇ ವಿಮಾನದ ಸಿಮ್ಯುಲೇಟರಿಗೆ ಬಳಸಬಹುದು ಅಂತ ಬರೆದ. 1987ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ಇಂಥ ಸಿಮ್ಯುಲೇಟರಿನೊಳಗೆ ಜನರನ್ನು ಕೂರಿಸಿ 'ಸ್ಟಾರ್ ಟೂರ್ಸ್' ಮಾಡಿತು. ಇಲ್ಲಿರುವ ಉಪಾಯ ಮಜವಾಗಿದೆ. ಕುರ್ಚಿ ಎಲ್ಲಿಗೂ ಹೋಗುವುದಿಲ್ಲ, ಆದರೆ ಅದನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿ ಪರದೆಯಲ್ಲಿ ಮುಂದಕ್ಕೆ ನುಗ್ಗುವ ಚಿತ್ರ ತೋರಿಸಿದರೆ, ಬೆನ್ನಿಗೆ ಬಿದ್ದ ಭಾರವನ್ನು ಒಳಕಿವಿ 'ವೇಗ' ಅಂತ ಓದಿಕೊಳ್ಳುತ್ತೆ. ಕಣ್ಣು ಮತ್ತು ಒಳಕಿವಿ ಒಪ್ಪಿದರೆ ಖುಷಿ, ಒಪ್ಪದಿದ್ದರೆ ವಾಂತಿ :-)

ಆ ಕುರ್ಚಿ ಮಾಮೂಲಿ ಸಿನಿಮಾಕ್ಕೆ ಬಂದದ್ದು 2009ರಲ್ಲಿ, ಎರಡು ಕಡೆಯಿಂದ. ಕೆನಡಾದ ಡಿ-ಬಾಕ್ಸ್ ಮತ್ತು ದಕ್ಷಿಣ ಕೊರಿಯಾದ 4ಡಿಎಕ್ಸ್. ಅಮೆರಿಕದ ಮೀಡಿಯಾಮೇಶನ್ ಕಂಪನಿಯ ಎಂಎಕ್ಸ್4ಡಿ ಆಮೇಲೆ ಸೇರಿತು. ಮೂರಕ್ಕೂ ವ್ಯತ್ಯಾಸ ಇದೆ.

4ಡಿಎಕ್ಸ್‌ನಲ್ಲಿ ನಾಲ್ಕು ಕುರ್ಚಿ ಒಟ್ಟಿಗೆ ಒಂದೇ ತಳದ ಮೇಲೆ ಅಲ್ಲಾಡುತ್ತವೆ. ಜೊತೆಗೆ ಗಾಳಿ, ನೀರು, ಮಂಜು, ಮಿಂಚು, ವಾಸನೆ, ಬೆನ್ನಿಗೆ ಗುದ್ದು. ನೀರು ಬೇಡ ಅಂದರೆ ನಿಲ್ಲಿಸಲು ಒಂದು ಗುಂಡಿ ಇದೆ, ಅಲ್ಲಾಟ ಬೇಡ ಅಂದರೆ ಇಲ್ಲ. ಇಡೀ ಹಾಲ್ ಒಂದೇ ತಾಳಕ್ಕೆ ಕುಣಿಯಬೇಕು. ಎಂಎಕ್ಸ್4ಡಿಯೂ ಇದೇ ಜಾತಿ, ಹೆಚ್ಚಿನ ಕರಾಮತ್ತು ಕುರ್ಚಿಯೊಳಗೇ ಅಡಗಿರುತ್ತೆ. ಡಿ-ಬಾಕ್ಸ್ ಬೇರೆ ದಾರಿ ಹಿಡಿಯಿತು. ನೀರಿಲ್ಲ, ವಾಸನೆಯಿಲ್ಲ. ಬರೀ ಅಲ್ಲಾಟ ಮತ್ತು ಕಂಪನ, ಅದೂ ಸಿನಿಮಾದ ಪ್ರತಿ ದೃಶ್ಯಕ್ಕೂ ಒಬ್ಬರು ಕೂತು ಬರೆದದ್ದು. ಸಾಮಾನ್ಯ ಹಾಲ್‌ನಲ್ಲೇ ಒಂದೆರಡು ಸಾಲು ಹಾಕಬಹುದು. ಕೈ ಹತ್ತಿರ ಗುಂಡಿ ಇರುತ್ತೆ, ಅಲ್ಲಾಟ ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಬಹುದು.

ಜಾಹೀರಾತಿನಲ್ಲಿ ನೋಡಿದರೆ ಹೆಚ್ಚು ಪರಿಣಾಮ ಇರುವುದೇ ಗೆದ್ದ ಹಾಗೆ ಕಾಣುತ್ತೆ. ನನ್ನ ಲೆಕ್ಕದಲ್ಲಿ ಗೆದ್ದದ್ದು ಆ ಗುಂಡಿ. ಇಷ್ಟು ವರ್ಷದಲ್ಲಿ ಮಾರಿಯೋರಾಮಾದಿಂದ ಹಿಡಿದು ಎಲ್ಲರೂ ಕೇಳಿಕೊಂಡದ್ದು 'ಇನ್ನೇನು ಸೇರಿಸೋಣ' ಅಂತ. 'ಕೂತವರಿಗೆ ಎಷ್ಟು ಬೇಕು' ಅಂತ ಕೂತವರನ್ನೇ ಕೇಳಿದ್ದು ಕಡಿಮೆ. ಡಿ-ಬಾಕ್ಸ್ ಸಾಲಿನ ಪಕ್ಕದ ಸಾಲು ಮಾಮೂಲಿ ಕುರ್ಚಿ. ಅಪ್ಪ ಅಲ್ಲಿ, ಅಮ್ಮ ಇಲ್ಲಿ, ಆದರೆ ಒಂದೇ ಹಾಲ್, ಒಂದೇ ಸಿನಿಮಾ. ಅಮ್ಮ ಸೋಫಾದಲ್ಲಿ ಕೂತು ಯಾರ್ಯಾರನ್ನೋ ನೋಡಬೇಕಾಗಿಲ್ಲ.

ಅಂಥ ಕಡೆಗೆ ಇಬ್ಬರನ್ನೂ ಇನ್ನೂ ಕರೆದುಕೊಂಡು ಹೋಗಿಲ್ಲ. ಹೋದ ವಾರ ಊರಿಗೆ ಹೋಗಿದ್ದಾಗ ಒಂದು ಸಣ್ಣ ಕೆಲಸ ಮಾಡಿದೆ. ನನ್ನ ಹಳೇ ಹೋಂ ಥಿಯೇಟರಿನ ವೂಫರ್ ತೆಗೆದುಕೊಂಡು ಹೋಗಿ ಹಾಲ್‌ನಲ್ಲಿರುವ ಮರದ ದಿವಾನದ ಅಡಿಗೆ ಹಲಗೆಗೆ ತಾಗಿಸಿ ಇಟ್ಟೆ. ನಮ್ಮನೆ ಪರ್ಸೆಪ್ಟೋ. ರಾತ್ರಿ ಊಟ ಆದ ಮೇಲೆ ಟೀವಿಯಲ್ಲಿ ಹಳೇ ಕನ್ನಡ ಸಿನಿಮಾ ಹಾಕಿದೆ. ಕುದುರೆಗಳು ಓಡಿ ಬಂದವು. ಅಪ್ಪ ದಿವಾನದ ಮೇಲೆ ಎರಡೂ ಅಂಗೈ ಒತ್ತಿ ಕೂತಿದ್ದರು. ಅಮ್ಮ ಬೆನ್ನಿಗೆ ದಿಂಬು ಇಟ್ಟುಕೊಂಡು ತನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ವೂಫರಿನ ರಿಮೋಟು ಅವಳ ಕೈಲಿ.

"ಸ್ವಲ್ಪ ಜಾಸ್ತಿ ಮಾಡೇ" ಅಂದರು ಅಪ್ಪ. ಮಾಡಿದಳು.

ನಿಮ್ಮ ಮನೆಯಲ್ಲೂ ಹೀಗೆ ಸಿನಿಮಾದಿಂದ ಹೊರಗೆ ಉಳಿದುಹೋದವರು ಇದ್ದಾರಾ? ಏನು ಉಪಾಯ ಮಾಡಿದಿರಿ, ತಿಳಿಸಿ.